ದಫೇದಾರರ ಕೈಗುಣ

ಬೇಲೂರು ತಾಲ್ಲೂಕು ಕಚೇರಿಯಲ್ಲಿ ಮೂವತ್ತಮೂರು ವರ್ಷ ಮೊಹರು ಒತ್ತಿದ ಕೈ ಹೊನ್ನಯ್ಯನದು. ಸಹಿ ಸಾಹೇಬರದು, ಮೊಹರು ಹೊನ್ನಯ್ಯನದು. ಸಾಹೇಬರು ಬರುತ್ತಿದ್ದರು, ಹೋಗುತ್ತಿದ್ದರು. ಮೊಹರು ಮಾತ್ರ ಅವನ ಕೈ ಬಿಟ್ಟು ಹೋಗಲಿಲ್ಲ. ಒತ್ತುವುದಕ್ಕೂ ಅವನದೇ ಒಂದು ಕ್ರಮ. ಇಂಕ್ ಪ್ಯಾಡಿಗೆ ಎರಡು ಸಲ ಮುಟ್ಟಿಸಬೇಕು, ಬಾಯಿ ಹತ್ತಿರ ತಂದು "ಹಾ" ಎಂದು ಒಮ್ಮೆ ಬಿಸಿಯುಸಿರು ಬಿಡಬೇಕು, ಆಮೇಲೆ ಕಾಗದದ ಮೇಲಿಟ್ಟು ಅಂಗೈಯಿಂದ ಸುತ್ತಲೂ ಅದುಮಬೇಕು. ಒಂದಕ್ಷರ ಮಾಸುತ್ತಿರಲಿಲ್ಲ. ಜಾತಿ ಸರ್ಟಿಫಿಕೇಟಿಗೋ ಪಹಣಿಗೋ ಬಂದವರು, "ದಫೇದಾರ್ರೆ, ನೀವೇ ಒತ್ಕೊಡಿ, ನಿಮ್ ಕೈಗುಣ ಚೆನ್ನಾಗೈತೆ. ನೀವ್ ಒತ್ತಿದ್ ಕಾಗ್ದ ವಾಪಸ್ ಬರಲ್ಲ" ಎನ್ನುತ್ತಿದ್ದರು. ಕೇಳಿದವರಿಗೆಲ್ಲ ಒತ್ತಿಕೊಟ್ಟ. ಆ ಕೈಗುಣ ಸ್ವಂತ ಮಗಳಿಗೆ ಬೇಕಾದ ದಿನ ಏನು ಮಾಡಿತು ಅನ್ನುವುದನ್ನು ಹೇಳಲು ಬಾಯಿ ಬರುವುದಿಲ್ಲ, ಆದರೂ ಹೇಳಬೇಕು.

ಮೊಹರಿನ ಮೇಲೆ ಅವನಿಗಿದ್ದ ನಂಬಿಕೆ ಕಚೇರಿ ಕಲಿಸಿದ್ದಲ್ಲ, ಅಪ್ಪ ಕಲಿಸಿದ್ದು. ಅಪ್ಪ ಕೆಂಚಪ್ಪನಿಗೆ ಗೆಂಡೆಹಳ್ಳಿ ಕಡೆ ಸರ್ಕಾರದಿಂದ ಎರಡು ಎಕರೆ ಮಂಜೂರಾಗಿತ್ತು. ಸಾಗುವಳಿ ಚೀಟಿಯನ್ನೂ ಕೊಟ್ಟಿದ್ದರು. ಅದರಲ್ಲಿ ಸಹಿ ಇತ್ತು, ತಾರೀಖಿತ್ತು, ಮೊಹರು ಇರಲಿಲ್ಲ. ಕೊಟ್ಟವನು ಮರೆತನೋ, ಬೇಕಂತಲೇ ಬಿಟ್ಟನೋ, ಯಾರಿಗೆ ಗೊತ್ತು. ಆರು ವರ್ಷ ಉತ್ತು ಬಿತ್ತಿದ ಮೇಲೆ ಪಕ್ಕದವರು ತಕರಾರು ತೆಗೆದರು. "ಮೊಹರೇ ಇಲ್ಲ, ಇದನ್ನ ಚೀಟಿ ಅಂತ ಯಾವನಯ್ಯ ಹೇಳಿದ್ದು?" ಎಂದು ಕಚೇರಿಯವರು ಮೇಜಿನ ಆಚೆಯಿಂದ ಕಾಗದವನ್ನು ಎಸೆದರಂತೆ. ಕೆಂಚಪ್ಪ ನೆಲದಿಂದ ಕಾಗದ ಎತ್ತಿಕೊಂಡು ಬಂದ, ಜಮೀನು ಬರಲಿಲ್ಲ. ಸಾಯುವ ತನಕ ಅವನದು ಒಂದೇ ಮಾತು: "ಮೊಹರು ನೋಡ್ಕಂಡು ಕಾಗ್ದ ಈಸ್ಕೊ ಕಣ್ಲಾ ಮಗ. ನಮ್ಮಂತೋರ ಬಾಯ್ಮಾತ್ನ ಯಾರೂ ನಂಬಾಕಿಲ್ಲ." ಆ ಚೀಟಿ ಈಗಲೂ ಹೊನ್ನಯ್ಯನ ಟ್ರಂಕಿನ ತಳದಲ್ಲಿದೆ.

ಅಂಥವನ ಮಗಳು ಆಶಾರಾಣಿ. ಹಳೇಬೀಡಿನ ಪ್ರೈಮರಿ ಶಾಲೆಯಲ್ಲಿ ಟೀಚರು. ಬಾಯಿ ಜೋರು, ನಗು ಅದಕ್ಕಿಂತ ಜೋರು. ಮೂವತ್ತು ತುಂಬುವುದರೊಳಗೆ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ದಿನ ಬೇಲೂರಿನಿಂದ ಹಾಸನಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕಿತ್ತು. ಕೈಯ ನರಗಳು ಕೆಟ್ಟು ಹೋಗಿ, ಈಗ ಕತ್ತಿನ ಪಕ್ಕದಲ್ಲಿ ನಳಿಗೆ ಹಾಕಿದ್ದರು. "ಇದು ಬಹಳ ದಿನ ಇಡೋವಂಥದ್ದಲ್ಲ, ಸೋಂಕಾದರೆ ಕಷ್ಟ. ಆಪರೇಷನ್ ಬೇಗ ಆಗ್ಲಿ" ಎಂದು ಡಾಕ್ಟರು ಎರಡು ಸಲ ಎಚ್ಚರಿಸಿದ್ದರು.

ಹೊನ್ನಯ್ಯನ ರಕ್ತದ ಗುಂಪು ಹೊಂದಲಿಲ್ಲ. ತಾಯಿ ಗಿಡ್ಡಮ್ಮನದು ಹೊಂದಿತು. ಹೊಂದಿತು ಅಂದದ್ದೇ ತಡ, ಗಿಡ್ಡಮ್ಮ ಸೆರಗು ಸಿಕ್ಕಿಸಿ ಎದ್ದು ನಿಂತಳು, ಇವತ್ತೇ ಕೊಯ್ದುಕೊಳ್ಳಿ ಅನ್ನುವ ಹಾಗೆ. ಆಸ್ಪತ್ರೆಯವರು ಅದಕ್ಕೊಂದು ಕಮಿಟಿ ಇದೆ, ನೂರೆಂಟು ಪರೀಕ್ಷೆ ಆಗಬೇಕು, ಕಾಗದಪತ್ರ ಆಗಬೇಕು ಅಂದರು. ಅವಳಿಗೆ ಸಿಟ್ಟು ಬಂತು. "ಒಂಬತ್ ತಿಂಗ್ಳು ಮಗೂನೇ ಒಳಗೆ ಇಟ್ಕಂಡಿದ್ದೆ, ಆಗ ಯಾವ್ ಕಮಿಟಿ ಬಂದು ಕೇಳ್ತು? ಈಗ ಒಂದ್ ಹಿಡಿ ಮಾಂಸ ಕೊಡಾಕೆ ಇಷ್ಟು ಜನವಾ?" ಎಂದಳು. ಆಶಾ ನಕ್ಕಳು, ನಕ್ಕು ಕೆಮ್ಮಿದಳು. ಪಾಪ, ಆಗಲೇ ಅವಳಿಗೆ ನಗುವುದಕ್ಕೂ ಉಸಿರು ಸಾಲುತ್ತಿರಲಿಲ್ಲ.

ಎಲ್ಲ ಕಾಗದವನ್ನೂ ಆಶಾಳೇ ಜೋಡಿಸಿದಳು. ಉಳಿದದ್ದು ಒಂದೇ ಒಂದು. ಆಪರೇಷನ್ನನ್ನು ಗಿಡ್ಡಮ್ಮನ ಎದೆ ತಡೆದುಕೊಳ್ಳುತ್ತದೆ ಎಂದು ಹೃದಯದ ಡಾಕ್ಟರು ಬರೆದುಕೊಡಬೇಕಾದ ವರದಿ. ಆಸ್ಪತ್ರೆಯ ಕಮಿಟಿ ಕೂರುವುದು ತಿಂಗಳಲ್ಲಿ ಎರಡನೇ ಮತ್ತು ನಾಲ್ಕನೇ ಶನಿವಾರ. ಹಿಂದಿನ ದಿನ ಶುಕ್ರವಾರ ಸಂಜೆ ಐದರೊಳಗೆ ಎಲ್ಲವೂ ಇ-ಮೇಲಿನಲ್ಲಿ ಸೇರಬೇಕು. ಸೇರಿದರೆ ಮುಂದಿನ ಗುರುವಾರವೇ ಆಪರೇಷನ್. ತಪ್ಪಿದರೆ ಎರಡು ವಾರ ಕಾಯಬೇಕು.

ಆ ಶುಕ್ರವಾರ ತಾಯಿ ಮಗಳು ಡಯಾಲಿಸಿಸ್‌ಗೆಂದು ಬೆಳಿಗ್ಗೆಯೇ ಹಾಸನಕ್ಕೆ ಹೋಗಿದ್ದರು. ವರದಿ ಬಂದರೆ ಬರಲಿ ಎಂದು ಫೋನನ್ನು ಆಶಾ ಅಪ್ಪನ ಕೈಯಲ್ಲಿ ಬಿಟ್ಟುಹೋಗಿದ್ದಳು. ಹನ್ನೊಂದು ಗಂಟೆಗೆ ಫೋನು ಟಿಣ್ ಎಂದಿತು. ಹೊನ್ನಯ್ಯ ಕೂಡಲೇ ಮಗ ಮಧುಕುಮಾರನಿಗೆ ಫೋನ್ ಮಾಡಿದ. ಮಧು ಅರಸೀಕೆರೆ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್. ರೈಲಿನ ದಾರಿ ಬದಲಿಸುವ ಕೆಲಸ, ಫೋನಿನಲ್ಲಿ ಎರಡು ಮಾತಿಗೂ ಪುರುಸೊತ್ತಿಲ್ಲ.

"ಬಂತಾ? ಸರಿ. ಅಕ್ಕ ಅಡ್ರೆಸ್ ಹಾಕಿಟ್ಟವ್ಳೆ. ಬಂದಿರೋ ಫೈಲ್ನ ಹಂಗೇ ಫಾರ್ವರ್ಡ್ ಮಾಡಪ್ಪ. ಬೇರೆ ಏನೂ ಮಾಡ್ಬೇಡ. ಗಾಡಿ ಬತ್ತಾ ಐತೆ, ಇಡ್ತೀನಿ."

ಫಾರ್ವರ್ಡ್ ಮಾಡುವುದು ಹೊನ್ನಯ್ಯನಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ದಿನಾ ಬೆಳಿಗ್ಗೆ ಹೂವಿನ ಚಿತ್ರಗಳನ್ನು ಅರ್ಧ ಊರಿಗೆ ಕಳಿಸುವವನು. ಆದರೆ ಕಳಿಸುವ ಮೊದಲು ಒಮ್ಮೆ ತೆರೆದು ನೋಡಿದ. ಯಾವ ಕಾಗದವನ್ನೂ ನೋಡದೆ ಮುಂದಕ್ಕೆ ತಳ್ಳಿದವನಲ್ಲ. ಎರಡು ಪುಟ ಸರಿಸಿ ಕೆಳಗೆ ಬಂದ. ಸಹಿ ಇರಬೇಕಾದ ಜಾಗದಲ್ಲಿ ಸಹಿ ಇಲ್ಲ. ಮೊಹರೂ ಇಲ್ಲ. ಒಂದು ಚೌಕ, ಅದರ ಮೇಲೆ ಹಳದಿ ಬಣ್ಣದ ದೊಡ್ಡ ಪ್ರಶ್ನೆಚಿಹ್ನೆ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಮೂರು ಪದ: ಸಿಗ್ನೇಚರ್ ನಾಟ್ ವೆರಿಫೈಡ್. ಕಚೇರಿಯಲ್ಲಿ ಮೂವತ್ತಮೂರು ವರ್ಷ ಇದ್ದವನಿಗೆ ಆ ಮೂರೂ ಪದದ ಅರ್ಥ ಚೆನ್ನಾಗಿ ಗೊತ್ತಿತ್ತು.

ಅವನ ಕಣ್ಣ ಮುಂದೆ ಬಂದದ್ದು ಮೇಜಿನ ಆಚೆಯಿಂದ ಹಾರಿ ಬಿದ್ದ ಅಪ್ಪನ ಚೀಟಿ. ಮಧುವಿಗೆ ಮತ್ತೆ ಫೋನ್ ಮಾಡಿದ, ಎತ್ತಲಿಲ್ಲ. ಗಿಡ್ಡಮ್ಮನ ಫೋನಿಗೆ ಮಾಡಿದ, ಡಯಾಲಿಸಿಸ್ ವಾರ್ಡಿನ ಒಳಗೆ ಅದನ್ನು ಆರಿಸಿಟ್ಟಿದ್ದರು. ಇನ್ನು ಯಾರನ್ನು ಕೇಳುವುದು? ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಐದು ಗಂಟೆಗೆ ಇನ್ನೂ ಹೊತ್ತಿದೆ, ಇದನ್ನು ಪಕ್ಕಾ ಮಾಡಿಯೇ ಕಳಿಸುತ್ತೇನೆ ಎಂದು ಚಪ್ಪಲಿ ಮೆಟ್ಟಿದ. ಅಯ್ಯೋ ಪುಣ್ಯಾತ್ಮ, ಅಲ್ಲೇ ಕೂತಿದ್ದರೆ ಆಗುತ್ತಿತ್ತು.

ತಾಲ್ಲೂಕು ಕಚೇರಿಯ ಎದುರಿಗೆ ರುಕ್ಮಿಣಮ್ಮನ ಜೆರಾಕ್ಸ್ ಅಂಗಡಿ. ಫೋನ್ ತೋರಿಸಿ ಪ್ರಿಂಟ್ ತೆಗೆಸಿದ. ಪ್ರಿಂಟಿನಲ್ಲೂ ಅದೇ ಪ್ರಶ್ನೆಚಿಹ್ನೆ. ರುಕ್ಮಿಣಮ್ಮ ಕನ್ನಡಕ ಏರಿಸಿ ನೋಡಿ, "ಹೌದ್ ಕಣ್ರೀ ಹೊನ್ನಯ್ಯೋರೆ, ಸೈನೂ ಇಲ್ಲ ಸೀಲೂ ಇಲ್ಲ. ಇದನ್ನ ಯಾರ್ ತಗೋತಾರೆ?" ಎಂದಳು. ದಿನಕ್ಕೆ ಹತ್ತು ಜನ ಸೀಲಿಲ್ಲದ ಕಾಗದ ಹಿಡಿದು ಎದುರಿನ ಕಚೇರಿಯಿಂದ ಬೈಸಿಕೊಂಡು ಬರುವುದನ್ನು ನೋಡುವವಳು ಅವಳು, ಬೇರೆ ಏನು ಹೇಳಿಯಾಳು?

ಬರೆದ ಡಾಕ್ಟರು ದೂರದ ಊರಿನವರು. ಹತ್ತಿರದಲ್ಲಿ ಹೊನ್ನಯ್ಯನಿಗೆ ಗುರುತಿದ್ದವರೆಂದರೆ ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ಹಳೇಬೀಡಿನಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದ ಡಾಕ್ಟರ್ ಇಂದುಧರ. ಸಿಕ್ಕಿದ ಬಸ್ಸು ಹತ್ತಿದ. ಡಾಕ್ಟರು ಊಟಕ್ಕೆ ಹೋಗಿದ್ದರು. ಬಾಗಿಲ ಮುಂದಿನ ಬೆಂಚಿನ ಮೇಲೆ ಕಾಗದವನ್ನು ಮಡಿಸದೆ ತೊಡೆಯ ಮೇಲಿಟ್ಟುಕೊಂಡು ಮೂರು ಗಂಟೆಯ ತನಕ ಕಾದ. ತಾನು ಊಟ ಮಾಡಿಲ್ಲ ಅನ್ನುವುದೇ ನೆನಪಾಗಲಿಲ್ಲ.

ಇಂದುಧರ ಬಂದರು, ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದಕ್ಕೆ ಸೀಲ್ ಬೇಕಾಗಲ್ಲ ಅನ್ಸುತ್ತೆ ಹೊನ್ನಯ್ಯ. ಈಗೆಲ್ಲ ಡಿಜಿಟಲ್ ಸಹಿ."

"ನಾಟ್ ವೆರಿಫೈಡ್ ಅಂತ ಐತಲ್ಲ ಸಾರ್. ನನ್ ಮಗಳ ಪ್ರಾಣ ಇದ್ರಲ್ಲೈತೆ. ನೀವ್ ನೋಡಿದ್ದೀನಿ ಅಂತ ಒಂದ್ ಸಹಿ ಹಾಕ್ಬಿಡಿ. ಇದ್ರೆ ನಷ್ಟ ಏನು?"

"ನಷ್ಟ ಏನಿಲ್ಲ ಬಿಡಿ" ಎಂದರು ಡಾಕ್ಟರು. ಒಳ್ಳೆಯ ಮನುಷ್ಯ. ಮೂಲ ಪ್ರತಿಯನ್ನು ನೋಡಿದ್ದೇನೆ ಎಂದು ಬರೆದು ಸಹಿ ಮಾಡಿದರು. ಮೊಹರನ್ನು ತೆಗೆದು ಮೇಜಿನ ಮೇಲಿಟ್ಟು, "ಇದನ್ನ ನೀವೇ ಒತ್ತಿ. ನಿಮ್ಮ ಕೈಗುಣದ ಮುಂದೆ ನಂದೇನು" ಎಂದು ನಕ್ಕರು.

ನಿವೃತ್ತನಾದ ಮೇಲೆ ಹೊನ್ನಯ್ಯ ಮೊಹರು ಮುಟ್ಟಿದ್ದು ಅವತ್ತೇ ಮೊದಲು. ಪ್ಯಾಡಿಗೆ ಎರಡು ಸಲ ಮುಟ್ಟಿಸಿದ. ಬಾಯಿ ಹತ್ತಿರ ತಂದ. "ಹಾ" ಎನ್ನುವಾಗ ಕಣ್ಣಲ್ಲಿ ನೀರು ಬಂತು. ನನ್ನ ಮಗಳು ಬದುಕಲಿ ಎಂದು ಮನಸ್ಸಿನಲ್ಲಿ ಹೇಳಿಕೊಂಡು, ಸರಿಯಾಗಿ ಆ ಹಳದಿ ಪ್ರಶ್ನೆಚಿಹ್ನೆಯ ಮೇಲೆ ಮೊಹರನ್ನಿಟ್ಟು ಅಂಗೈಯಿಂದ ಸುತ್ತಲೂ ಅದುಮಿದ. ದುಂಡಗೆ, ನೀಲಿಯಾಗಿ, ಒಂದಕ್ಷರ ಮಾಸದೆ ಬಂತು.

ನಾಲ್ಕೂಕಾಲಿಗೆ ಬೇಲೂರು. ರುಕ್ಮಿಣಮ್ಮ ಅದನ್ನು ಸ್ಕ್ಯಾನ್ ಮಾಡಿದಳು. "ಇದನ್ನೇ ಕಳ್ಸವ್ವ, ಫೋನಿಗೆ ಬಂದಿದ್ದು ಬೇಡ" ಎಂದು ಅವನೇ ಹೇಳಿದ. ನಾಲ್ಕೂವರೆಗೆ ಹೋಯಿತು. ಹೊನ್ನಯ್ಯ ಎರಡು ರಟ್ಟೆ ಚಾಚಿ ಮೈಮುರಿದು, ಎದುರಿನ ಹೋಟೆಲಿನಲ್ಲಿ ಟೀ ಕುಡಿದು, ಹಾಸನದ ಬಸ್ಸು ಬರುವ ತನಕ ನಿಲ್ದಾಣದಲ್ಲಿ ಕಾದು ಹೆಂಡತಿ ಮಗಳನ್ನು ಕರೆದುಕೊಂಡು ಮನೆಗೆ ಹೋದ. "ಕಳ್ಸಿದ್ಯಾ ಅಪ್ಪ?" ಎಂದಳು ಆಶಾ. "ಪಕ್ಕಾ ಮಾಡಿ ಕಳ್ಸಿವ್ನಿ" ಎಂದ. ಡಯಾಲಿಸಿಸ್ ಆದ ದಿನ ಅವಳಿಗೆ ಕಣ್ಣು ಬಿಡುವ ಶಕ್ತಿಯೂ ಇರುತ್ತಿರಲಿಲ್ಲ. ಮತ್ತೇನೂ ಕೇಳದೆ ಮಲಗಿದಳು.

ಸೋಮವಾರ ಆಸ್ಪತ್ರೆಯಿಂದ ಫೋನ್ ಬಂತು. ಅವತ್ತು ಮಧುವಿಗೆ ವಾರದ ರಜೆ, ಅವನೂ ಮನೆಯಲ್ಲಿದ್ದ. ಆಶಾ ಫೋನಿನ ಸದ್ದು ಹೆಚ್ಚಿಸಿ ನಡುವೆ ಇಟ್ಟಳು, ಎಲ್ಲರೂ ಒಟ್ಟಿಗೇ ಕೇಳಲಿ ಅಂತ. ಆ ಕಡೆಯ ಹೆಣ್ಣುಮಗಳು ನಿಧಾನವಾಗಿ ಹೇಳಿದಳು: "ಮೇಡಂ, ನೀವು ಕಳಿಸಿರೋದು ಸ್ಕ್ಯಾನ್ ಮಾಡಿದ ಪ್ರತಿ. ಅದರಲ್ಲಿ ಡಾಕ್ಟರ ಡಿಜಿಟಲ್ ಸಹಿ ಉಳಿದಿಲ್ಲ, ಮೇಲೆ ಬೇರೆಯವರ ಸೀಲು ಬಿದ್ದಿದೆ. ಕಮಿಟಿ ಅದನ್ನ ಒಪ್ಪಿಲ್ಲ. ನಿಮಗೆ ಬಂದಿದ್ದ ಮೂಲ ಫೈಲನ್ನೇ ಕಳಿಸಿ. ಮುಂದಿನ ಮೀಟಿಂಗಿಗೆ ಇಡ್ತೀವಿ."

ಅಪ್ಪ ಗೂಡಿನಲ್ಲಿಟ್ಟಿದ್ದ ಆ ಕಾಗದವನ್ನು ಆಶಾ ಎತ್ತಿ ನೋಡಿದಳು, ಮೊಹರಿನಲ್ಲಿ ಹಳೇಬೀಡಿನ ಡಾಕ್ಟರ ಹೆಸರಿತ್ತು. ಮಧುವಿನ ಮುಖ ಕೆಂಪಗಾಯಿತು. "ಯಾವನು ಹೇಳಿದ್ದು ಸೀಲ್ ಹಾಕ್ಸು ಅಂತ? ಹಂಗೇ ಕಳ್ಸು ಅಂತ ಬಡ್ಕೊಂಡ್ನಲ್ಲ ನಾನು!"

ಹೊನ್ನಯ್ಯನ ಬಾಯಿ ತೆರೆಯಿತು. ಮಾತು ಹೊರಡುವ ಮೊದಲೇ ಆಶಾ ಹೇಳಿಬಿಟ್ಟಳು. "ನಾನೇ ಕಣೋ. ಹಾಸನದಿಂದ ನರ್ಸ್ ಫೋನಲ್ಲಿ ಮಾಡಿ ಹೇಳ್ದೆ. ಸೀಲ್ ಇದ್ರೆ ಗಟ್ಟಿ ಅಂತ ಅಪ್ಪನ್ನ ಹಳೇಬೀಡಿಗೆ ಓಡಿಸ್ದೆ. ನನ್ನದೇ ತಪ್ಪು."

"ನೀನಾ? ಮಕ್ಳಿಗೆ ಪಾಠ ಹೇಳೋಳು ನೀನು! ನಾನು ಡ್ಯೂಟಿ ಬಿಟ್ಟು ಬಿಟ್ಟು ಓಡಾಡಿದ್ದು, ಅಮ್ಮ ಚುಚ್ಚಿಸ್ಕೊಂಡಿದ್ದು, ಎಲ್ಲಾ ಹೊಳೇಲಿ ಹುಣಸೆಹಣ್ಣು ತೊಳ್ದಂಗಾಯ್ತು. ನಿನ್ ಜೀವ ನಿಂಗೇ ಬೇಡ ಅಂದ್ಮೇಲೆ ನಾವ್ಯಾಕೆ ಸಾಯ್ಬೇಕು? ಹೋಗು, ಸಾಯಿ ಹೋಗು!"

"ಲೇ, ಬಿಡ್ತು ಅನ್ನೋ!" ಎಂದು ಗಿಡ್ಡಮ್ಮ ಕಿರುಚಿದಳು. "ಬಾಯಲ್ಲಿ ಎಂಥ ಮಾತ್ಲಾ ಅದು, ಬಿಡ್ತು ಅನ್ನು!"

ಕೆಟ್ಟ ಮಾತು ಬಾಯಿ ತಪ್ಪಿ ಬಂದರೆ ಬಿಡ್ತು ಅನ್ನಬೇಕು, ಅಂದರೆ ಮಾತು ಅಲ್ಲಿಗೆ ಬಿದ್ದು ಹೋಗುತ್ತದೆ. ಮಧು ಅನ್ನಲಿಲ್ಲ. ಮುದ್ದೆ ಬಡಿಸಿದ ತಟ್ಟೆಯನ್ನು ಹಾಗೇ ಬಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ಅರಸೀಕೆರೆ ಬಸ್ಸಿಗೆ ಹೊರಟುಹೋದ.

ಆಶಾ ಫೋನ್ ಎತ್ತಿಕೊಂಡು ಮೂಲ ಫೈಲನ್ನು ಆಸ್ಪತ್ರೆಗೆ ಕಳಿಸಿದಳು. ಅರ್ಧ ನಿಮಿಷವೂ ಹಿಡಿಯಲಿಲ್ಲ. ಹೊನ್ನಯ್ಯ ಅವಳ ಬೆರಳನ್ನೇ ನೋಡುತ್ತಿದ್ದ.

"ಯಾಕವ್ವಾ ಸುಳ್ಳು ಹೇಳ್ದೆ?"

"ಮಧೂಗೆ ಕೋಪ ಜಾಸ್ತಿ ಅಪ್ಪ. ನಿನ್ ಮೇಲೆ ಮುನಿಸ್ಕೊಂಡ್ರೆ ವರ್ಷಗಟ್ಲೆ ಮಾತಾಡಲ್ಲ ಅವ್ನು. ನನ್ ಮೇಲಾದ್ರೆ ಎರಡು ದಿನ. ನಾನೇ ಫೋನ್ ಮಾಡಿ ಸರಿ ಮಾಡ್ಕೋತೀನಿ ಬಿಡು." ಆಮೇಲೆ, ಶಾಲೆಯ ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು: "ಆ ಸಹಿ ಕಾಗದದ ಮೇಲಿರಲ್ಲಪ್ಪ, ಫೈಲಿನ ಒಳಗಿರುತ್ತೆ. ಪ್ರಿಂಟ್ ತೆಗೆದ್ರೆ ಅದರ ಚಿತ್ರ ಬರುತ್ತೆ, ಸಹಿ ಬರಲ್ಲ. ಆದ್ರೆ ಸೀಲ್ ಮಾತ್ರ ಎಷ್ಟ್ ಚೆನ್ನಾಗಿ ಒತ್ತಿದ್ದೀಯ, ನೋಡು!" ಎಂದು ನಕ್ಕಳು. ಹೊನ್ನಯ್ಯ ನಗಲಾರದೆ ಹಿತ್ತಲಿಗೆ ಹೋಗಿ ಅತ್ತ.

ಅವಳು ಎರಡು ಸಲ ಮಧುವಿಗೆ ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಇನ್ನೂ ಬಿಸಿ ಆರಿಲ್ಲ ಅಂದಳು.

ಮೊದಲು ಗೊತ್ತಾಗಿದ್ದ ಆಪರೇಷನ್ನಿನ ಗುರುವಾರ ಬಂತು, ಹೋಯಿತು. ಮರುದಿನ ಶುಕ್ರವಾರ ಸಂಜೆ ಆಶಾಳಿಗೆ ಚಳಿ ಹತ್ತಿತು. ಮೂರು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು. ಹಾಸನಕ್ಕೆ ಸೇರಿಸಿದರು. ಕತ್ತಿನ ನಳಿಗೆಯಿಂದ ಸೋಂಕು ರಕ್ತಕ್ಕೆ ಇಳಿದಿದೆ ಎಂದರು. ಮಧು ಡ್ಯೂಟಿಯ ಬಟ್ಟೆಯಲ್ಲೇ ಓಡಿ ಬಂದಾಗ ಅವಳ ಬಾಯಿಗೆ ಕೊಳವೆ ಹಾಕಿಯಾಗಿತ್ತು. "ಅಕ್ಕಾ, ಅಕ್ಕಾ" ಎಂದು ಕರೆದ. ಅವಳು ಕಣ್ಣು ಬಿಡಲಿಲ್ಲ. ಸೋಮವಾರ ಮಧ್ಯಾಹ್ನ ಹೋಗಿಬಿಟ್ಟಳು. ಮುಂದಿನ ಕಮಿಟಿ ಕೂರುವುದಕ್ಕೆ ಇನ್ನೂ ಐದು ದಿನ ಇತ್ತು.

ಆಪರೇಷನ್ ಗುರುವಾರ ಆಗಿದ್ದರೆ ಉಳಿಯುತ್ತಿದ್ದಳಾ ಎಂದು ಹೊನ್ನಯ್ಯ ಡಾಕ್ಟರನ್ನು ಕೇಳಿದ. "ಹೇಳೋಕಾಗಲ್ಲ ಯಜಮಾನ್ರೆ, ಆಗಲೇ ಸೋಂಕು ಶುರುವಾಗಿತ್ತೋ ಏನೋ" ಎಂದರು. ಅವರು ಸಮಾಧಾನಕ್ಕೆ ಹೇಳಿದರು. ಅವನಿಗೆ ಸಮಾಧಾನ ಆಗಲಿಲ್ಲ, ಇನ್ನು ಯಾವತ್ತೂ ಆಗುವುದಿಲ್ಲ.

ಮನೆಯಲ್ಲಿ ಬುದ್ಧನ ಪಟದ ಕೆಳಗೆ ಆಶಾಳ ಫೋಟೋ ಬಂತು. ಗಿಡ್ಡಮ್ಮ ಅದರ ಮುಂದೆ ಕೂತು, ಎಡ ಪಕ್ಕೆಗೆ ಪಟಪಟ ಹೊಡೆದುಕೊಳ್ಳುತ್ತಿದ್ದಳು. "ಇಲ್ಲೇ ಐತೆ ನೋಡು ಹಾಳಾದ್ದು, ಇಲ್ಲೇ ಐತೆ. ಅವ್ಳಿಗೆ ಅಂತ ಎತ್ತಿಟ್ಟಿದ್ದು ನನ್ನೊಳಗೇ ಉಳ್ಕಂಡ್ತು. ಇದನ್ನ ನಾನು ಏನ್ ಮಾಡ್ಲಿ ಕಣ್ರಪ್ಪಾ?" ಹೊನ್ನಯ್ಯ ಅವಳ ಕೈ ಹಿಡಿದುಕೊಳ್ಳುತ್ತಿದ್ದ. ಮಧು ಗೋಡೆಗೆ ತಲೆ ಕೊಟ್ಟು, "ಅಕ್ಕ ತನ್ ಕೈಯಾರೆ ಮಾಡ್ಕೊಂಡ್ಳು" ಎನ್ನುತ್ತಿದ್ದ. ಒಂದು ದಿನ ಅವಳ ಮೇಲೆ ಸಿಟ್ಟು, ಇನ್ನೊಂದು ದಿನ ಫೋನ್ ಎತ್ತದ ತನ್ನ ಮೇಲೆ ಸಿಟ್ಟು.

ಪ್ರತಿಸಲವೂ ಹೊನ್ನಯ್ಯನ ನಾಲಗೆಯ ತುದಿಗೆ ಮಾತು ಬರುತ್ತಿತ್ತು. ಮಗಳು ಹೋದಳು, ಇದನ್ನು ಹೇಳಿದರೆ ಮಗನೂ ಹೋಗುತ್ತಾನೆ ಎಂಬ ಭಯಕ್ಕೆ ನುಂಗಿಕೊಳ್ಳುತ್ತಿದ್ದ. ಸತ್ತವಳ ತಲೆಯ ಮೇಲೆ ತನ್ನ ತಪ್ಪನ್ನು ಹೊರಿಸಿ ಉಣ್ಣುತ್ತಿದ್ದೇನಲ್ಲಾ ಎಂದು ಪ್ರತಿ ತುತ್ತಿಗೂ ಅನ್ನಿಸುತ್ತಿತ್ತು. ಹೇಡಿ ಅನ್ನಿ ಬೇಕಾದರೆ, ಅವನೇ ತನ್ನನ್ನು ಹಾಗೆ ಕರೆದುಕೊಳ್ಳುತ್ತಿದ್ದ.

ತಿಂಗಳು ಕಳೆದ ಮೇಲೆ ಆಶಾಳ ಶಾಲೆಯವರು ಮರಣ ಪ್ರಮಾಣಪತ್ರ ಕೇಳಿದರು. ಅದು ಮಧುವಿನ ಇ-ಮೇಲಿಗೆ ಬಂದಿತ್ತು. ಪ್ರಿಂಟ್ ತೆಗೆಸಲು ಅಪ್ಪ ಮಗ ಇಬ್ಬರೂ ರುಕ್ಮಿಣಮ್ಮನ ಅಂಗಡಿಗೆ ಹೋದರು. ಮಧುವೇ ಅವಳ ಕಂಪ್ಯೂಟರಿನ ಮುಂದೆ ಕೂತು ಫೈಲ್ ತೆರೆದ. ಆಶಾರಾಣಿ, ತಂದೆ ಹೊನ್ನಯ್ಯ, ತಾಯಿ ಗಿಡ್ಡಮ್ಮ. ಕೆಳಗೆ ಅದೇ ಚೌಕ, ಅದೇ ಹಳದಿ ಪ್ರಶ್ನೆಚಿಹ್ನೆ.

ಹೊನ್ನಯ್ಯ ಕುರ್ಚಿಯ ಬೆನ್ನು ಹಿಡಿದುಕೊಂಡ. "ಮಧು, ಇದೂ ಸರಿಯಿಲ್ವೇನೋ?"

"ಎಲ್ಲಾ ಸರಿಯಾಗೇ ಐತಪ್ಪ. ಈ ಕಂಪ್ಯೂಟರಿಗೆ ಆ ಸಹಿ ಯಾರದು ಅಂತ ಪರಿಚಯ ಇಲ್ಲ ಅಷ್ಟೇ. ನಾವು ನಂಬ್ತೀವಿ ಅಂತ ಒಂದ್ ಸಲ ಹೇಳ್ಬೇಕು. ನೋಡಿಲ್ಲಿ." ಮಧು ಚೌಕದ ಮೇಲೆ ಮೌಸ್ ಒತ್ತಿದ, ಇನ್ನೊಂದು ಕಡೆ ಒತ್ತಿದ, ಮತ್ತೊಂದು ಕಡೆ ಒತ್ತಿದ. ಪ್ರಶ್ನೆಚಿಹ್ನೆ ಹೋಯಿತು. ಆ ಜಾಗದಲ್ಲಿ ಹಸಿರು ಬಣ್ಣದ ಸರಿ ಗುರುತು ಬಂತು.

"ಅಷ್ಟೇನಾ?" ಎಂದ ಹೊನ್ನಯ್ಯ.

"ಅಷ್ಟೇ."

ಹೊನ್ನಯ್ಯ ಆ ಹಸಿರು ಗುರುತನ್ನು ನೋಡುತ್ತ ನಿಂತ. ಇನ್ನು ಒಳಗಿಟ್ಟುಕೊಳ್ಳಲು ಆಗಲಿಲ್ಲ.

"ಮಗಾ, ಅವತ್ತು ನಿಮ್ಮಕ್ಕ ಫೋನ್ ಮಾಡಿರಲಿಲ್ಲ ಕಣೋ. ಸೀಲ್ ಹಾಕ್ಸು ಅಂತ ಅವ್ಳು ಹೇಳೇ ಇಲ್ಲ. ಹಳೇಬೀಡಿಗೆ ಹೋಗಿದ್ದು ನಾನೇ, ಸೀಲ್ ಒತ್ತಿದ್ದೂ ಈ ಕೈಯೇ. ನೀನ್ ನನ್ ಮೇಲೆ ಮುನಿಸ್ಕಂತೀಯ ಅಂತ ಅವ್ಳು ತನ್ ಮೇಲೆ ಹಾಕ್ಕಂಡ್ಳು. ನಾನು ಬಾಯ್ ಮುಚ್ಕಂಡಿದ್ದೆ."

ಮಧು ತಿರುಗಿ ನೋಡಲಿಲ್ಲ. ಮೌಸ್ ಬಿಟ್ಟು ಎದ್ದು, ಅಪ್ಪನನ್ನು ಮುಟ್ಟದೆ ಪಕ್ಕಕ್ಕೆ ಸರಿದು, ಹೊರಗೆ ಹೋಗಿ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತ.

ರುಕ್ಮಿಣಮ್ಮನಿಗೆ ಏನು ಮಾಡಬೇಕೋ ತೋಚಲಿಲ್ಲ. ಪ್ರಿಂಟ್ ಒತ್ತಿದಳು. ಬಿಸಿಬಿಸಿ ಕಾಗದವನ್ನು ಹೊನ್ನಯ್ಯನ ಕೈಗಿಟ್ಟು, ಏನಾದರೂ ಮಾತಾಡಬೇಕಲ್ಲ ಎಂದು ಅಭ್ಯಾಸಬಲದಲ್ಲಿ ಕೇಳಿಬಿಟ್ಟಳು: "ಇದಕ್ಕೆ ಸೀಲು ಬೇಕಾಗಲ್ವಾ ಹೊನ್ನಯ್ಯೋರೆ?"

"ಬೇಡ ಕಣವ್ವ. ಇದು ಹಂಗೇ ನಡೀತದೆ" ಎಂದ ಹೊನ್ನಯ್ಯ.

ಕಾಗದ ಹಿಡಿದು ಹೊರಗೆ ಬಂದ. ಮೆಟ್ಟಿಲ ಮೇಲೆ ಮಧು ಮೊಣಕಾಲಿನ ನಡುವೆ ಮುಖ ಹುದುಗಿಸಿ ಏನೋ ಹೇಳುತ್ತಿದ್ದ. ತನಗೆ ಬೈಯುತ್ತಿದ್ದಾನೆಂದು ಹೊನ್ನಯ್ಯ ತಲೆ ತಗ್ಗಿಸಿ ನಿಂತ. ಬೈಗುಳವಲ್ಲ. ಹತ್ತಿರ ಬಗ್ಗಿದಾಗ ಕೇಳಿಸಿತು.

"ಬಿಡ್ತು ಅಕ್ಕ. ಬಿಡ್ತು, ಬಿಡ್ತು" ಎನ್ನುತ್ತಿದ್ದ ಅವನು.